ಕುಂಬಳನೊಳಗಿನ ತೋಳ

ನಮ್ಮ ಮನೆಯ ನಾಯಿಯನ್ನು ಮೂವತ್ತು ದಿನಗಳಲ್ಲಿ ತೋಳವಾಗಿಸುತ್ತೇನೆಂದು ನಾನು ಶಪಥ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜುತ್ತಾ! ಬಾಯಿ ತುಂಬ ನೊರೆಯಿದ್ದುದರಿಂದ ಗಂಡನಿಗೆ ಅದು ಸರಿಯಾಗಿ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು.

ನಾಯಿಯ ಹೆಸರು ಕುಂಬಳ. ಆಕಾರ ನೋಡಿದವರು ಯಾಕೆಂದು ಕೇಳುವುದಿಲ್ಲ. ಮದುವೆಯಲ್ಲಿ ಗಂಡನ ಜೊತೆಗೆ ನನಗೆ ಉಚಿತವಾಗಿ ಸಿಕ್ಕವನು. ಸಿಕ್ಕವನು ಎನ್ನುವುದೂ ತಪ್ಪು. ಏಳು ತಿಂಗಳಾದರೂ ಅವನು ನನಗೆ ಸಿಕ್ಕಿರಲಿಲ್ಲ. ಹಾಲಿನವರು ಬಂದರೆ ಬಾಲ ಅಲ್ಲಾಡಿಸುತ್ತಿದ್ದ, ಪೋಸ್ಟಿನವರು ಬಂದರೆ ಅಲ್ಲಾಡಿಸುತ್ತಿದ್ದ, ಗಾಳಿಗೆ ಬಾಗಿಲು ತೆರೆದುಕೊಂಡರೂ ಎರಡು ಸಲ ಅಲ್ಲಾಡಿಸುತ್ತಿದ್ದ. ಸಂಜೆ ನಾನು ಕಾಲೇಜಿನ ಲೈಬ್ರರಿ ಕೆಲಸ ಮುಗಿಸಿ ಬಂದರೆ ಮಾತ್ರ ಒಂದು ಕಣ್ಣು ತೆರೆದು, ಬಂದದ್ದು ನಾನೇ ಎಂದು ಖಚಿತಪಡಿಸಿಕೊಂಡು, ಮುಚ್ಚುತ್ತಿದ್ದ. ಆ ಬಾಲ ಒಮ್ಮೆ, ಒಮ್ಮೆ ಮಾತ್ರ, ನನಗಾಗಿ ಅಲ್ಲಾಡಬೇಕು ಎಂಬುದು ನನ್ನ ಗುಟ್ಟಾದ ಆಸೆಯಾಗಿತ್ತು.

ಆಗ ಕೈಗೆ ಬಂದದ್ದು ಲೈಬ್ರರಿಗೆ ಯಾರೋ ದಾನ ಕೊಟ್ಟ ಒಂದು ಪುಸ್ತಕ. ಪ್ರತಿ ನಾಯಿಯೊಳಗೂ ಒಂದು ತೋಳ ಮಲಗಿದೆಯಂತೆ. ಬೆಂದ ಆಹಾರ ಅದಕ್ಕೆ ಜೋಗುಳವಂತೆ. ಹಸಿ ಮಾಂಸ ಕೊಟ್ಟರೆ ತೋಳ ಎದ್ದು, ಎಬ್ಬಿಸಿದವರನ್ನು ಜನ್ಮಪೂರ್ತಿ ಮರೆಯುವುದಿಲ್ಲವಂತೆ. ಪುಸ್ತಕಕ್ಕೆ ನಂಬರು ಬರೆಯುವುದನ್ನು ಬಿಟ್ಟು ಕಿಟಕಿಯಾಚೆ ನೋಡಿದೆ. ಹಿಮದ ಬಯಲು, ಮೇಲೆ ಚಂದ್ರ, ಬೆಳ್ಳಿ ಬಣ್ಣದ ಕುಂಬಳ. ಅವನ ಕತ್ತಿನ ಮೇಲೆ ನನ್ನ ಕೈ. ಗಣಿತದ ಮೇಷ್ಟ್ರು ಮೇಜಿನೆದುರು ನಿಂತು ಎರಡು ಸಲ ಕೆಮ್ಮಿದ ಮೇಲೆ ಹಿಮ ಕರಗಿತು.

ಗಂಡನದು ತೂಕದ ಯಂತ್ರಗಳ ರಿಪೇರಿ ಅಂಗಡಿ. ತರಕಾರಿಯವರಿಂದ ಹಿಡಿದು ಸಿಮೆಂಟಿನವರವರೆಗೆ ಎಲ್ಲರ ಸುಳ್ಳೂ ಅವರ ಮೇಜಿನ ಮೇಲೆ ಬಂದು ನಿಜವಾಗಿ ಹೋಗುತ್ತದೆ. ಮಾತನ್ನೂ ತೂಗಿಯೇ ಆಡುವವರು. ನೊರೆ ಉಗಿದು ನಾನು ಮತ್ತೊಮ್ಮೆ ಶಪಥ ಹೇಳಿದಾಗ,

"ಕೇಳಿದ್ಯಾ?" ಎಂದರು.

"ಯಾರನ್ನ?"

"ಒಳಗೆ ಮಲಗಿರೋ ತೋಳಾನ. ಮಲಗಿದೋರನ್ನ ಎಬ್ಬಿಸೋ ಮುಂಚೆ ಒಂದ್ ಮಾತು ಕೇಳ್ಬೇಕು ತಾನೆ?"

ಮಾರನೆಯ ಬೆಳಿಗ್ಗೆಯೇ ಶುರು. ಅಂಗೈಯಗಲದ ಒಂದೇ ತುಂಡು ಹಸಿ ಮಾಂಸ, ಮುನ್ನೂರು ಗ್ರಾಂ, ಗಂಡನೇ ತೂಗಿಕೊಟ್ಟದ್ದು. ಕುಂಬಳನೊಬ್ಬನಿಗೆ ಹಸಿ ಹಾಕುವುದು ಅನ್ಯಾಯವೆನಿಸಿ ನಮ್ಮ ತಿಂಡಿಯನ್ನೂ ಹಸಿ ಮಾಡಿದೆ: ಕ್ಯಾರೆಟ್, ಸೌತೆಕಾಯಿ, ನೆನೆಸಿದ ಕಾಳು. ಒಲೆ ಹಚ್ಚದ ಅಡುಗೆಮನೆ ಲೈಬ್ರರಿಯಷ್ಟು ನಿಶ್ಶಬ್ದವಾಗಿತ್ತು. ಗಂಡ ಕ್ಯಾರೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಅಂಗಡಿಗೆ ಹೊತ್ತಾಯಿತೆಂದು ಎದ್ದರು.

ಕುಂಬಳ ಮಾಂಸ ಮೂಸಿದ. ನನ್ನ ಮುಖ ನೋಡಿದ. ಮತ್ತೆ ಮಾಂಸ ನೋಡಿದ. ಆಮೇಲೆ ಅದನ್ನು ಮೆಲ್ಲನೆ ಕಚ್ಚಿಕೊಂಡು ಹಿತ್ತಲಿಗೆ ಹೋಗಿ, ಬೇಲಿಯ ಸಂದಿನಲ್ಲಿ ಹೊಟ್ಟೆ ತೂರಿಸಿ, ಮಂಜಿನಲ್ಲಿ ಮರೆಯಾದ.

ನನಗೆ ರೋಮಾಂಚನ. ತೋಳಗಳು ಬೇಟೆಯನ್ನು ಗುಟ್ಟಿನ ಜಾಗಕ್ಕೆ ಒಯ್ಯುತ್ತವೆಂದು ಮೂವತ್ತೆರಡನೆಯ ಪುಟದಲ್ಲೇ ಇತ್ತು! ಅರ್ಧ ಗಂಟೆಯ ನಂತರ ಬಾಯಿ ನೆಕ್ಕುತ್ತಾ ಬಂದ. ಕಣ್ಣಿನಲ್ಲಿ ಕಾಡಿನ ಶಾಂತಿ. ನೋಟುಪುಸ್ತಕದಲ್ಲಿ ಬರೆದೆ: 'ಮೊದಲ ದಿನ. ತೋಳ ಮಗ್ಗುಲು ಬದಲಿಸಿದೆ.'

ದಿನವೂ ಹೀಗೆಯೇ. ಮೈಯ ಕೂದಲು ಮಿರಿಮಿರಿ ಮಿಂಚತೊಡಗಿತು. ಬಾಲ ಮಾತ್ರ ಅಲ್ಲಾಡಲಿಲ್ಲ. ತೋಳಗಳು ಬಾಲ ಅಲ್ಲಾಡಿಸುವುದು ಕಡಿಮೆಯೇನೋ ಎಂದು ಸಮಾಧಾನ ಮಾಡಿಕೊಂಡೆ.

ಮೂರು ವಾರ ಕಳೆದು, ಅಂಗಡಿಯ ದೊಡ್ಡ ಯಂತ್ರದ ಮೇಲೆ ಅವನನ್ನು ನಿಲ್ಲಿಸಿದೆವು. ಎರಡೂವರೆ ಕೆಜಿ ಹೆಚ್ಚಿದ್ದ.

"ಯಂತ್ರ ಕೆಟ್ಟಿದೆ ರೀ," ಎಂದೆ. ಆ ಅಂಗಡಿಯಲ್ಲಿ ಯಾರೂ ಆಡಬಾರದ ಮಾತು. ಗಂಡ ಒಂದೊಂದೇ ತೂಕದ ಬಟ್ಟು ಇಟ್ಟು ಪರೀಕ್ಷಿಸಿದರು. ಯಂತ್ರ ಸರಿಯಿತ್ತು. ಕುಂಬಳ ಸರಿಯಿರಲಿಲ್ಲ.

ಯಾರೋ ಕದ್ದು ಬೇಯಿಸಿದ್ದು ಹಾಕುತ್ತಿದ್ದಾರೆ ಎಂದು ನಾನು ಅಂದ ಕ್ಷಣ ಗಂಡ ಮೀಸೆ ಒರೆಸಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಗಾದೆ ನೆನಪಾಯಿತು. ಆದರೆ ಮೂರು ವಾರದಿಂದ ಕ್ಯಾರೆಟ್ಟಿನ ಮೇಲೆ ಬದುಕಿರುವ ಗಂಡಸನ್ನು ಅನುಮಾನಿಸಲು ಮನಸ್ಸು ಬರಲಿಲ್ಲ. ಅವರೂ ತುಸು ದುಂಡಗಾಗಿದ್ದುದನ್ನು ನನ್ನ ಪ್ರೀತಿಯ ಕಣ್ಣು ಗಮನಿಸಿರಲಿಲ್ಲ.

ಮರುದಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕುಂಬಳನ ಹಿಂದೆ ಹೊರಟೆ. ಹುಲ್ಲು ಒದ್ದೆಯಿತ್ತು. ಮಂಜಿನಲ್ಲಿ ಅವನ ಬೆನ್ನು ತೇಲಿಹೋಗುತ್ತಿತ್ತು. ಬೇಲಿಯಾಚೆ ಪಕ್ಕದ ಮನೆಯ ದೊಡ್ಡಮ್ಮನ ಹಿತ್ತಲು. ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದವರು. ಅವರ ಕಾಲದಲ್ಲಿ ಊಟ ಬೇಡವೆಂದ ರೋಗಿಯೇ ಇರಲಿಲ್ಲವಂತೆ. ಹಿತ್ತಲ ಒಲೆಯಿಂದ ನೀಲಿ ಹೊಗೆ ಏಳುತ್ತಿತ್ತು. ನನ್ನ ತೋಳ ತನ್ನ ಬೇಟೆಯನ್ನು ದೊಡ್ಡಮ್ಮನ ಕಾಲ ಬಳಿ ಇಟ್ಟು, ಮುಂಗಾಲು ಜೋಡಿಸಿ ಕೂತಿತು. ಅವರು ಮಾಂಸವನ್ನು ತೊಳೆದು, ಕುದಿಯುವ ಅನ್ನದೊಳಕ್ಕೆ ಬಿಟ್ಟರು. ತೋಳದ ಪಕ್ಕದಲ್ಲಿ ಒಂದು ಮಣೆ. ಮಣೆಯ ಮೇಲೆ ಬಿಸಿ ತಟ್ಟೆ ಹಿಡಿದು ಕೂತಿದ್ದವರು, ಆಗಲೇ ಅಂಗಡಿಗೆ ಹೋಗಿದ್ದ ನನ್ನ ಗಂಡ!

"ಅಂಗಡಿ ಯಾವಾಗ ಇಲ್ಲಿಗೆ ಬಂತು ರೀ?" ಎಂದೆ.

ಈ ಸಲ ಬಾಯಿ ತುಂಬಿದ್ದುದು ಅವರದು. ದೊಡ್ಡಮ್ಮನೇ ಉತ್ತರ ಕೊಟ್ಟರು.

"ಅವನನ್ನ ಬೈಬೇಡಮ್ಮ. ನಾಯೀನ ಹುಡುಕ್ಕೊಂಡು ಬಂದ, ಕೂತ್ಕೊ ಅಂದೆ. ನಾನೇ ನಿನ್ ಹತ್ರ ಬರೋಣ ಅಂತಿದ್ದೆ. ಅಡುಗೆ ಬರಲ್ಲ ಅಂತ ನಾಚ್ಕೋಬಾರದು, ಬರ್ದೇ ಇರೋರು ಎಷ್ಟು ಜನ ಇಲ್ಲ? ಆದ್ರೂ ಬೇಯಿಸ್ಕೊಡಿ ಅಂತ ನಾಯಿ ಬಾಯಲ್ಲಿ ಮಾಂಸ ಕಳಿಸೋದು... ಒಂದು ಪಾತ್ರೇನಾದ್ರೂ ಕೊಟ್ ಕಳಿಸ್ಬೋದಿತ್ತು."

ನಾನು ತೋಳ, ಹಿಮದ ಬಯಲು, ಮೂವತ್ತೆರಡನೆಯ ಪುಟ ಎಲ್ಲವನ್ನೂ ವಿವರಿಸಿದೆ. ದೊಡ್ಡಮ್ಮ ಪೂರ್ತಿ ಕೇಳಿ, ಜ್ವರ ಬಂದವರನ್ನು ನೋಡುವ ಹಾಗೆ ನೋಡಿ, ನನಗೂ ಒಂದು ಮಣೆ ಹಾಕಿದರು.

ಸ್ವಾಭಿಮಾನವೆಂಬುದೊಂದಿದೆಯಲ್ಲ, ಕೂರಲಿಲ್ಲ. ಮಾರನೆಯ ಬೆಳಿಗ್ಗೆ ಒಲೆ ಹಚ್ಚಿ, ನಾನೇ ಮಾಂಸ ತೊಳೆದು, ನಾನೇ ಬೇಯಿಸಿ, ನಾನೇ ಆರಿಸಿದೆ. ಹಬೆಯಿಂದ ಕಿಟಕಿಯ ಗಾಜು ಮಸುಕಾಗಿ ಅಲ್ಲೂ ಒಂದು ಕ್ಷಣ ಹಿಮದ ಬಯಲು ಕಾಣಿಸಿತು. ಅದರಲ್ಲಿ ತೋಳವಿರಲಿಲ್ಲ, ಕುಂಬಳನೇ ಇದ್ದ, ದಪ್ಪಗೆ, ತನ್ನ ಪಾಡಿಗೆ. ಅಷ್ಟೇ ಸಾಕೆನಿಸಿತು. ಬಟ್ಟಲನ್ನು ಅವನ ಮುಂದಿಟ್ಟು ಕುಕ್ಕರಗಾಲಿನಲ್ಲಿ ಕೂತೆ.

ಕುಂಬಳ ಮೂಸಿದ. ನನ್ನ ಮುಖವನ್ನು ಎಷ್ಟೋ ಹೊತ್ತು ನೋಡಿದ. ಆಮೇಲೆ ಆ ಬೆಂದ ತುಂಡನ್ನೂ ಮೆಲ್ಲನೆ ಕಚ್ಚಿಕೊಂಡು ಬೇಲಿಯ ಕಡೆ ಹೊರಟ.

ಸಂದಿನ ಬಳಿ ನಿಂತು ತಿರುಗಿದ. ಇಷ್ಟು ತಿಂಗಳಲ್ಲಿ ಮೊದಲ ಸಲ, ನನ್ನನ್ನೇ ನೋಡುತ್ತಾ, ಬಾಲ ಅಲ್ಲಾಡಿಸಿದ. ಒಂದಲ್ಲ, ಮೂರು ಸಲ. ಪಾಪ, ನೀನೂ ಬಾ, ಅಲ್ಲಿ ಚೆನ್ನಾಗಿ ಮಾಡ್ತಾರೆ ಎನ್ನುವ ಹಾಗೆ.

ನಾನು ಚಪ್ಪಲಿ ಮೆಟ್ಟಿಕೊಂಡೆ. ಒಂದು ಪಾತ್ರೆಯನ್ನೂ ತೆಗೆದುಕೊಂಡೆ.