ಪಂಖಾ ಹಚ್ಚಿದ ಮಾಮಾ

ಇಡೀ ಪುಣೆಯಲ್ಲಿ ಅಮೆರಿಕದ ಹಿಪ್ ಹಾಪ್ ಸಂಗೀತವನ್ನು ಬೆನ್ನಿನಿಂದ ಕೇಳುತ್ತಿದ್ದವರು ನಮ್ಮ ಮಾಮಾ ಒಬ್ಬರೇ! ನಂಬಿಕೆ ಬರುವುದಿಲ್ಲವೇ? ಪಿಂಪ್ರಿಯ ಕಾರ್ಖಾನೆಯಿಂದ ಬಿಬವೇವಾಡಿಯ ಮನೆಗೆ ಬಂದವರೇ ಸ್ಪೀಕರ್ ಡಬ್ಬಿಗೆ ಬೆನ್ನು ಆನಿಸಿ ಕೂತು, "ಹಚ್ಚೋ ನಿನ್ನ ದಢಂ ದಢಂ" ಎನ್ನುತ್ತಿದ್ದರು.

ಹಚ್ಚುವವನು ನಾನು. ತೊಂಬತ್ತರ ದಶಕದ ಕೊನೆ. ಕಾಲೇಜಿಗಾಗಿ ಅವರ ಮನೆಯಲ್ಲಿದ್ದೆ. ತಲೆಯ ಮೇಲೆ ಹಿಂದುಮುಂದಾದ ಟೋಪಿ, ಪ್ಯಾಂಟಿನೊಳಗೆ ಇನ್ನಿಬ್ಬರು ಬಾಡಿಗೆಗಿರುವಷ್ಟು ಜಾಗ. ನನ್ನ ಆಸ್ತಿ ಒಂದು ಹಿಪ್ ಹಾಪ್ ತಂಡದ ಒಂದೇ ಒಂದು ಆಲ್ಬಮ್. ಅದರ ಇಂಗ್ಲಿಷು ನನಗೆ ನಾಲ್ಕಾಣೆ ಅರ್ಥವಾಗುತ್ತಿತ್ತು, ಉಳಿದ ಹನ್ನೆರಡಾಣೆಗೆ ತಲೆ ಕುಣಿಸುತ್ತಿದ್ದೆ. ಪಂಡಿತನಾಗಲು ಇನ್ನೇನು ಬೇಕು?

"ಮಾಮಾ, ಈ ಆಲ್ಬಮ್ಮಿನ ಜೀವಾನ ಫಂಕು!" ಎಂದು ಪಾಠ ಶುರುಮಾಡಿದೆ.

ಮಾಮಾ ಎದ್ದು ಹೋಗಿ ಫ್ಯಾನು ಹಾಕಿ ಬಂದರು. "ಪಂಖಾ ಹಚ್ಚೀನಿ. ಈಗ ಹೇಳು."

"ಅದಲ್ರೀ! ಈ ಬಡಿತಕ್ಕ ಬೇಸ್ ಅಂತಾರ."

"ಬೇಷ್! ಭಾಳ ಬೇಷ್!"

ಮಾಮಾನ ಚೇಷ್ಟೆ ಎಂದುಕೊಂಡೆ. ನಮ್ಮ ಮನೆಯಲ್ಲಿ ಎಲ್ಲರದೂ ದೊಡ್ಡ ಗಂಟಲು. ಉಪ್ಪು ಕೇಳಿದರೂ ಪಕ್ಕದ ಮನೆಯವರು ಜಗಳವೆಂದು "ಕಾಯ್ ಝಾಲಂ?" ಏನಾಯಿತು ಎಂದು ಓಡಿಬರುತ್ತಿದ್ದರು!

ಕಡೆಗೆ ಮಾಮಿಯನ್ನು ಹಿಡಿದೆ. "ಮಾಮಿ, ಫಂಕ್ ಅಂತ ಅಮೆರಿಕದ ಹಳೇ ಹಾಡಿನ ಬೇಸ್ ಎತ್ತಿ ಕೆಳಗಿಟ್ಟು, ಅದರ ಮ್ಯಾಲೆ ತಮ್ಮ ಮಾತು ಕೂಡಸ್ತಾರ್ರಿ."

"ಮಂದೀ ಒಲಿ ಮ್ಯಾಲೆ ತಮ್ಮ ರೊಟ್ಟಿ ಸುಟ್ಕೊಳ್ಳೂದು ಅನ್ನು!"

ಮಾಮಿಗೆ ಸಿಟ್ಟಿತ್ತು. ಅವರು ಅಡುಗೆಮನೆಯಲ್ಲಿ ದೇವರ ಹಾಡು ಹೇಳಿದರೆ ಮಾಮಾ ಪಡಸಾಲೆಯಿಂದ "ಇನ್ನೊಂದು ಆಗ್ಲಿ" ಎನ್ನುವುದು ಹಳೆಯ ರೂಢಿ. ಈಚೆಗೆ ಅದು ನಿಂತಿತ್ತು. "ನಿನ್ನ ಕ್ಯಾಸೆಟ್ಟು ನನಗ ಸವತಿ ಆಗ್ಯದ ನೋಡು," ಎಂದು ನನ್ನ ಮೇಲೆ ಹರಿಹಾಯ್ದರು.

ಒಂದು ರವಿವಾರ ಮಾಮಾನಿಗೆ ಹಾಡಿನ ಮಾತುಗಳ ರುಚಿ ತೋರಿಸೋಣವೆಂದು ಬೇಸಿನ ಗುಂಡಿಯನ್ನು ಪೂರ್ತಿ ಇಳಿಸಿದೆ.

"ಯಾಕೋ, ಬಂದ್ ಮಾಡಿದಿ?" ಎಂದರು ಮಾಮಾ.

ಕ್ಯಾಸೆಟ್ಟು ತಿರುಗುತ್ತಿತ್ತು. ಹಾಡುವವರು ಒದರುತ್ತಲೇ ಇದ್ದರು. ನಾನು ಹೋ ಎಂದು ನಕ್ಕೆ, ಮಾಮಾ ನಗಲಿಲ್ಲ. ಮಾಮಿ ಲಟ್ಟಣಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆ ಮುಖ ನೋಡಿಯೇ ಗುಟ್ಟು ಹೊರಬಿತ್ತೆಂದು ಮಾಮಾನಿಗೆ ತಿಳಿಯಿತು.

"ಕಾರ್ಖಾನಿ ಮಶೀನು ಕಿವಿ ತಿಂದಾವ. ನಿನ್ನ ಹಾಡು ಕೇಳಸವಲ್ದು. ಹೇಳಿದ್ರ ನೀ ಹಾಡೂದ ಬಿಡ್ತಿ ಅಂತ ಸುಮ್ನಿದ್ದೆ," ಎಂದರು ಮಾಮಿಗೆ.

ನನ್ನ ಏಕೈಕ ಶಿಷ್ಯ ಹೀಗೆ ಕೈಬಿಟ್ಟು ಹೋದರು! ಇಷ್ಟು ದಿನ ನನ್ನ ಪಾಂಡಿತ್ಯಕ್ಕೆ ತಲೆದೂಗುತ್ತಿದ್ದಾರೆಂದು ನಂಬಿದ್ದೆನಲ್ಲ, ಎಂಥ ಕೋಣ ನಾನು!

ಮಾಮಿ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. "ನನ್ನ ಹಾಡಿನ ಕೆಳಗೂ ಆ ಬೇಸ್ ಇಡಾಕ ಬರ್ತದೇನೋ?"

ನನಗೆಲ್ಲಿ ಬರುತ್ತಿತ್ತು! ಆದರೂ "ಬರ್ತದ್ರೀ ಮಾಮಿ" ಎಂದು ಕ್ಯಾಸೆಟ್ಟು ನಿಲ್ಲಿಸಿ, ಸ್ಪೀಕರ್ ಡಬ್ಬಿಯನ್ನೇ ಎರಡೂ ಅಂಗೈಯಿಂದ ಬಡಿಯತೊಡಗಿದೆ. ಮಾಮಿ ಹಾಡಿದರು. ಮಾಮಾ ಡಬ್ಬಿಗೆ ಬೆನ್ನು ಆನಿಸಿ, ಹೆಂಡತಿಯ ತುಟಿಗಳನ್ನೇ ನೋಡುತ್ತ ಕೂತರು.

ಹಾಡು ಮುಗಿಯಿತು.

"ಬೇಷ್," ಎಂದರು ಮಾಮಾ. "ಇನ್ನೊಂದು ಆಗ್ಲಿ."