ದಿಬ್ಬ ಹತ್ತಿದ ಬ್ಯಾಟರಿ ಗಾಡಿ

ಕಾರ್ಖಾನೆಯ ಬ್ಯಾಟರಿ ಗಾಡಿ ಅವತ್ತು ಬೆಳಿಗ್ಗೆಯೂ ದಿಬ್ಬದ ಅರ್ಧಕ್ಕೆ ನಿಂತಿತು. ಬರೀ ನಿಂತಿದ್ದರೆ ಎಲೆಕ್ಟ್ರಿಷಿಯನ್ ಜಯಶೀಲ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಒಳಗೆ ಮ್ಯಾನೇಜರ್ ವಸಂತಕುಮಾರ್ ಕೂತಿದ್ದರು. ಗಾಡಿ ಅವರನ್ನೂ ಹೊತ್ತುಕೊಂಡು ಮೆಲ್ಲಗೆ ಹಿಂದಕ್ಕೆ ಜಾರಿ, ದಾಸವಾಳದ ಬೇಲಿಗೆ ಬೆನ್ನು ಕೊಟ್ಟು ಕೂತುಬಿಟ್ಟಿತು.

ಗಾಲ್ಫ್ ಆಡುವವರು ಕೂತು ತಿರುಗುವ ಗಾಡಿ ಅದು. ಹಳೆಯದಾಯಿತೆಂದು ವಿದೇಶದ ಪಾಲುದಾರರು ಪ್ರೀತಿಯಿಂದ ಕಳಿಸಿದ್ದರು. ಠಾಣೆ-ಬೇಲಾಪುರ ರಸ್ತೆಯ ಆ ಬಣ್ಣದ ಕಾರ್ಖಾನೆಯಲ್ಲಿ ಗಾಲ್ಫ್ ಕಂಡವರು ಯಾರೂ ಇರಲಿಲ್ಲ. ಗೇಟಿನಿಂದ ಗುಡ್ಡದ ಮೇಲಿನ ಗೆಸ್ಟ್‌ಹೌಸಿಗೆ ಕಾರು ಹೋಗದಷ್ಟು ಸಪೂರ ದಾರಿ ಇತ್ತು. ಅತಿಥಿಗಳನ್ನು ಒಯ್ಯುವುದಕ್ಕೆ ಆಗಲಿ ಎಂದು ಇಟ್ಟುಕೊಂಡರು. ಸಮತಟ್ಟಿನಲ್ಲಿ ಅದು ಮದುಮಗಳ ಹಾಗೆ ಸದ್ದಿಲ್ಲದೆ ಹೋಗುತ್ತಿತ್ತು. ದಿಬ್ಬ ಕಂಡರೆ ಮಾತ್ರ ಸ್ಕೂಲಿನ ಗೇಟು ಕಂಡ ಮಗುವಿನ ಹಾಗೆ ಹಠ ಹಿಡಿಯುತ್ತಿತ್ತು.

ಮ್ಯಾನೇಜರರು ಪ್ಯಾಂಟಿನಿಂದ ಎಲೆ ಬಿಡಿಸಿಕೊಳ್ಳುತ್ತಾ ಇಳಿದರು. "ರೀ ಜಯಶೀಲ, ಇವತ್ತು ನಾಲ್ಕು ಗಂಟೆಗೆ ಮಾಲೀಕರ ತಾಯಿ ಬರ್ತಾರೆ. ಎಪ್ಪತ್ತೆಂಟು ವಯಸ್ಸು, ಮಂಡಿನೋವು. ಗೆಸ್ಟ್‌ಹೌಸ್ ಪೂಜೆ ಅವರ ಕೈಯಿಂದಾನೇ ಆಗ್ಬೇಕು. ಅವರನ್ನೂ ಹಿಂಗೇ ಬೇಲಿಗೆ ಕೂರಿಸಿದ್ರೆ ನಾವಿಬ್ರೂ ನಾಳೆಯಿಂದ ಮನೇಲೇ."

"ಹತ್ತಿಸಿದ್ರೆ, ಸರ್?"

"ಹತ್ಸಿ ನೋಡೋಣ. ಮೂರನೇ ನಂಬರ್ ಕ್ವಾರ್ಟರ್ಸ್ ಖಾಲಿ ಇದೆಯಲ್ಲ, ಮಾಲೀಕರ ಮುಂದೆ ನಿಮ್ಮ ಹೆಸರು ಹೇಳ್ತೀನಿ. ಇದು ನನ್ನ ಮಾತು."

ಆರು ವರ್ಷದಿಂದ ಜಯಶೀಲ ಡೊಂಬಿವಲಿಯ ಒಂದೇ ಕೋಣೆಯಿಂದ ಬರುತ್ತಿದ್ದ. ಠಾಣೆಯವರೆಗೆ ರೈಲಿನ ಬಾಗಿಲಲ್ಲಿ ನೇತಾಡಬೇಕು, ಅಲ್ಲಿಂದ ಬಸ್ಸು. ಹೆಂಡತಿ ಜಯಲತಾ ಪ್ರತಿ ರಾತ್ರಿ, "ಕ್ವಾರ್ಟರ್ಸ್ ಎಂಥ ಆಯ್ತು?" ಎಂದು ಕೇಳಿಯೇ ಊಟ ಬಡಿಸುತ್ತಿದ್ದಳು.

ಅವನು ಸೀದಾ ಭಿವಂಡಿಗೆ ಫೋನು ಮಾಡಿ ಮಾಪಣ್ಣನನ್ನು ಕರೆಸಿದ. ಮಾಪಣ್ಣ ಕಲಬುರಗಿ ಕಡೆಯವನು. ಕೂಲಿಗೆಂದು ಬಂದು, ಮಗ್ಗಗಳ ಮೋಟಾರು ನೋಡುತ್ತಾ ನೋಡುತ್ತಾ ಮೆಕ್ಯಾನಿಕ್ ಆದವನು. ಓದಿದ್ದು ನಾಲ್ಕನೇ ಕ್ಲಾಸು. ಮೋಟಾರಿನ ಮೈಗೆ ಕಿವಿ ಇಟ್ಟನೆಂದರೆ ಅದರ ಹೊಟ್ಟೆನೋವು ಹೇಳಿಬಿಡುತ್ತಿದ್ದ.

ಹತ್ತು ಗಂಟೆಗೆ ಬಂದವನು ಸೀಟು ಎತ್ತಿ ನೋಡಿದ. ಗಾಡಿಯ ಕೆಳಗೆ ಮಲಗಿ ಮೋಟಾರಿಗೆ ಕಿವಿ ಇಟ್ಟ.

"ಅಣ್ಣಾ, ಮೋಟಾರ್ ಛಲೋ ಅದ. ಇದನ್ನ ಓಡ್ಲಿಕ್ಕ ಮಾಡ್ಯಾರ, ಎಳೀಲಿಕ್ಕ ಮಾಡಿಲ್ಲ. ಓಡೂದು ಬ್ಯಾರೆ, ಎಳಿಯೂದು ಬ್ಯಾರೆ. ಮುಂದಿನ ಹಲ್ಲಿನ ಚಕ್ರ ಸಣ್ಣದು ಮಾಡಮು, ಹಿಂದಿಂದು ದೊಡ್ಡದು. ವೇಗ ಕಮ್ಮಿ ಆಗ್ತದ, ತಾಕತ್ತು ಬರ್ತದ. ಈ ವೈರ್ ನೋಡ್ರಿ, ಜನಿವಾರದಂಗ ಅದ! ಇದರಾಗ ಕರೆಂಟ್ ಹ್ಯಾಂಗ ಹೋಗಬೇಕು?"

ಅಷ್ಟರಲ್ಲಿ ಅರ್ಧ ಕಾರ್ಖಾನೆ ಸುತ್ತ ನೆರೆದಿತ್ತು. ಗಾಡಿಯ ಚಾವಣಿ ಕಿತ್ತುಹಾಕಿದರೆ ಭಾರ ಇಳಿಯುತ್ತದೆ ಎಂದು ಸ್ಟೋರಿನವರು ಹೇಳಿದರು. ವಾಚ್‌ಮನ್ ನಿಂಬೆಹಣ್ಣು ತಂದ. ಕ್ಯಾಂಟೀನಿನ ಮೋಹನದಾಸ್, "ಒಂದು ಹಗ್ಗ ಕಟ್ಟಿ ಮಾರಾಯ್ರೆ, ಮೇಲಿಂದ ನಾಲ್ಕು ಜನ ಎಳೀಲಿ. ಅಮ್ಮನಿಗೆ ಗೊತ್ತೇ ಆಗುದಿಲ್ಲ" ಎಂದರು.

ಮಾಪಣ್ಣ ಎದ್ದು ಗುಜರಿ ರಾಶಿಗೆ ನಡೆದ. ಮುರಿದ ಕನ್ವೇಯರಿನಿಂದ ಎರಡು ಹಲ್ಲಿನ ಚಕ್ರ ಬಿಚ್ಚಿದ. ವೆಲ್ಡಿಂಗ್ ಮೆಶಿನ್ನಿನ ಹೆಬ್ಬೆರಳು ಗಾತ್ರದ ಕೇಬಲ್ಲನ್ನು ಅಳೆದು ಕತ್ತರಿಸಿದ. ಚಕ್ರದ ತೂತಿಗೆ ಅರ ಹಾಕುವಾಗ ಅವನ ಕೈ ನೋಡಬೇಕಿತ್ತು; ವೀಣೆ ನುಡಿಸುವವರ ಕೈಯೂ ಅಷ್ಟು ಹದವಾಗಿ ಆಡಲಿಕ್ಕಿಲ್ಲ. ಜಯಶೀಲ ಪಕ್ಕದಲ್ಲಿ ಕೂತು ಮೋಟಾರಿಗೆ ಹೊಸ ಕಾರ್ಬನ್ ಬ್ರಷ್ ಕೂರಿಸಿ ವೈರು ಜೋಡಿಸಿದ. ಕ್ವಾರ್ಟರ್ಸಿನ ಅಡುಗೆಮನೆಗೆ ಯಾವ ಬಣ್ಣ ಹೊಡೆಯುವುದು ಎಂದು ಮನಸ್ಸು ಆಗಲೇ ಯೋಚಿಸುತ್ತಿತ್ತು.

ಆ ಯೋಚನೆಯಲ್ಲೇ ಎರಡು ವೈರು ಅದಲುಬದಲಾದವು.

ಒಂದೂವರೆಗೆ ಟ್ರಯಲ್. ಜಯಶೀಲ ಮುಂದಕ್ಕೆಂದು ಲಿವರ್ ಹಾಕಿ ಕಾಲೊತ್ತಿದ. ಗಾಡಿ ಹಿಂದಕ್ಕೆ ಹೊರಟಿತು. ನಿಧಾನವಾಗಿ, ಆದರೆ ಯಾರ ಮಾತೂ ಕೇಳದ ದಾರ್ಢ್ಯದಿಂದ ಹೋಗಿ ಕ್ಯಾಂಟೀನಿನ ಬೆಂಚನ್ನು ದೂಡಿತು, ಬೆಂಚು ಮೇಜನ್ನು ದೂಡಿತು, ಮೇಜು ಸಾಂಬಾರಿನ ಪಾತ್ರೆಯ ಸಮೇತ ಮೋಹನದಾಸರನ್ನು ಗೋಡೆಯವರೆಗೂ ಕೊಂಡೊಯ್ದಿತು.

"ನಿಲ್ಸು ಮಾರಾಯಾ!" ಅವರು ಮೇಜು ಹತ್ತಿ ಕೂಗಿದರು.

ಮಾಪಣ್ಣನ ಮುಖ ಮಾತ್ರ ಅರಳಿತು. "ಅಣ್ಣಾ, ತಾಕತ್ತು ನೋಡಿದ್ರಿ? ಇನ್ನ ದಿಕ್ಕೊಂದು ಸರಿ ಮಾಡಿದ್ರ ಆಯ್ತು."

ವೈರು ಸರಿಪಡಿಸಿ ಮೂರು ಗಂಟೆಗೆ ಮತ್ತೆ ಟ್ರಯಲ್. ಈ ಸಲ ಹಿಂದಿನ ಸೀಟಿಗೆ ಐದು ಮಂದಿ ಲೋಡರುಗಳು ಹತ್ತಿದರು. ಏರು ಶುರುವಾಗುತ್ತಲೇ ಗಾಡಿಯ ಮುಂದಿನ ಎರಡೂ ಚಕ್ರ ನೆಲ ಬಿಟ್ಟು, ಮದುವೆ ಮೆರವಣಿಗೆಯ ಕುದುರೆಯ ಹಾಗೆ ಮೇಲೆದ್ದವು. ಲೋಡರುಗಳು ಹಿಂದಕ್ಕೆ ಉದುರಿದರು. ಯಾರಿಗೂ ಪೆಟ್ಟಾಗಲಿಲ್ಲ. ಮಾಪಣ್ಣ ತಲೆ ಕೆರೆದುಕೊಂಡು ಮುಂಭಾಗದಲ್ಲಿ ಬಣ್ಣದ ಪುಡಿಯ ಎರಡು ಚೀಲ ಬಿಗಿದು ಕಟ್ಟಿದ. ಆಮೇಲೆ ಚಕ್ರ ನೆಲ ಬಿಡಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಮಾಲೀಕರೂ ತಾಯಿಯೂ ಬಂದರು. ಮುದುಕಿ, ಮಗ, ಮ್ಯಾನೇಜರ್, ಪೂಜೆಯ ಭಟ್ಟರು ಎಲ್ಲರೂ ಹತ್ತಿದರು. ಜಯಶೀಲ ಬೆವರುತ್ತಾ ಕಾಲೊತ್ತಿದ. ಗಾಡಿ ಹೊರಟಿತು. ಬೆಳಿಗ್ಗೆ ಸೋತ ಜಾಗ ದಾಟಿತು. ಅಲ್ಲಿ ಇಬ್ಬರು ಹೆಂಗಸರು ತಲೆಯ ಮೇಲೆ ನೀರಿನ ಕೊಡ ಹೊತ್ತು ಏರುತ್ತಿದ್ದರು. "ನಿಲ್ಲಿಸಪ್ಪ, ಅವರನ್ನೂ ಹತ್ತಿಸಿಕೋ" ಎಂದು ಮುದುಕಿ ಮರಾಠಿಯಲ್ಲಿ ಹೇಳಿದರು.

ನಟ್ಟನಡು ಏರಿನಲ್ಲಿ ನಿಲ್ಲಿಸುವುದೇ? ವಸಂತಕುಮಾರ್ ಕಣ್ಣು ಮುಚ್ಚಿಕೊಂಡರು. ಜಯಶೀಲ ನಿಲ್ಲಿಸಿದ, ಹತ್ತಿಸಿಕೊಂಡ, ಮತ್ತೆ ಕಾಲೊತ್ತಿದ. ಒಂದು ಕ್ಷಣ ಗುಂಯ್ ಎಂದ ಮೋಟಾರು ಹಿಡಿತ ಸಿಕ್ಕಂತೆ ಎಳೆಯತೊಡಗಿತು. ಕೊಡದ ನೀರು ತುಳುಕಲಿಲ್ಲ. ಕೆಳಗೆ ನಿಂತ ಇಡೀ ಕಾರ್ಖಾನೆ ಚಪ್ಪಾಳೆ ಹೊಡೆಯಿತು. ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ ಮಾಪಣ್ಣನ ಕಣ್ಣು ತುಂಬಿತ್ತು.

ಪೂಜೆ ಮುಗಿಸಿ ಕೆಳಗೆ ಬಂದಾಗ ಮಾಲೀಕರು ತಾವೇ ಸೀಟು ಎತ್ತಿ ಕೇಬಲ್ಲು ಮುಟ್ಟಿ ನೋಡಿದರು. "ಯಾರು ಮಾಡಿದ್ದು?" ಎಂದು ಹಿಂದಿಯಲ್ಲಿ ಕೇಳಿದರು. ಮ್ಯಾನೇಜರರು ಜಯಶೀಲನನ್ನು ಮುಂದೆ ನೂಕಿದರು, ಜಯಶೀಲ ಮಾಪಣ್ಣನನ್ನು ನೂಕಿದ. ಮುದುಕಿ ಇಬ್ಬರ ಬೆನ್ನೂ ತಟ್ಟಿದರು.

ಆಗ ಜೂನಿನ ಮೊದಲ ಮಳೆ ಹನಿಯತೊಡಗಿತು.

"ಇಂಥ ಗಾಡಿ ನೆನೆಯಬಾರದು," ಮಾಲೀಕರು ಗಾಬರಿಯಾದರು. "ಗೇಟಿನ ಹತ್ತಿರ ಸೂರಿರುವ ಜಾಗ ಯಾವುದಿದೆ?"

"ಮೂರನೇ ನಂಬರ್ ಕ್ವಾರ್ಟರ್ಸ್ ಖಾಲಿ ಇದೆ ಸರ್," ವಸಂತಕುಮಾರ್ ಗಂಟಲು ಸರಿಪಡಿಸಿಕೊಂಡರು. "ಅದಕ್ಕೆ ಜಯಶೀಲ ಅವರ ಹೆಸರು..."

"ಸರಿಯಾಗಿ ಹೇಳಿದಿರಿ! ಬೀಗದ ಕೈ ಅವನ ಹತ್ತಿರವೇ ಇರಲಿ. ಮುಂದಿನ ಗೋಡೆ ಒಡೆಸಿ ಗಾಡಿ ಒಳಗಿಡಿ. ಚಾರ್ಜಿಂಗ್ ಪಾಯಿಂಟನ್ನೂ ಅವನೇ ಹಾಕಲಿ."

ಮಾಲೀಕರ ಕಾರು ಹೋದ ಮೇಲೆ ವಸಂತಕುಮಾರ್ ಜಯಶೀಲನ ಮುಖ ನೋಡಲಾರದೆ, "ನಿಮ್ಮ ಹೆಸರಂತೂ ಹೇಳ್ದೆ ಕಣ್ರೀ" ಎಂದು ಆಫೀಸಿಗೆ ನಡೆದರು.

ಆರು ಗಂಟೆಗೆ ಗೋಡೆ ಬಿತ್ತು. ಗಾಡಿ ಹಲಗೆಯ ಮೇಲೆ ಒಂದು ಚೂರೂ ತಡವರಿಸದೆ ಹತ್ತಿ ನಡುಮನೆಯಲ್ಲಿ ನಿಂತಿತು. ಜಯಶೀಲ ಅಡುಗೆಮನೆಯಿಂದ ವೈರು ಎಳೆದು ಚಾರ್ಜಿಗೆ ಹಾಕಿದ.

"ಅಣ್ಣಾ, ಇಲ್ಲಿ ಗಾಳಿ ಛಲೋ ಬರ್ತದ," ಮಾಪಣ್ಣ ಸಂಕೋಚದಿಂದ ಅಂದ.

"ಬರ್ಬೇಕು ಮಾರಾಯ. ಚಾರ್ಜ್ ಆಗುವಾಗ ಬ್ಯಾಟರಿಗೆ ಗಾಳಿ ಬೇಕಾಗ್ತದೆ."

ಜಯಶೀಲ ಎರಡೂ ಕಿಟಕಿ ಅಗಲವಾಗಿ ತೆರೆದಿಟ್ಟ. ಆಮೇಲೆ ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಠಾಣೆಯ ಬಸ್ಸಿಗೆ ಓಡಿದ.