ಮಗಳ ಮೋಜಣಿ

ಮನುಷ್ಯನಿಗೆ ಒಂದು ವಿದ್ಯೆ ಸುಮಾರಾಗಿ ಬಂದರೆ ಸಾಕು, ಬಾರದ ವಿದ್ಯೆಗಳೆಲ್ಲ ಅದರ ತಮ್ಮ ತಂಗಿಯರಂತೆ ಕಾಣತೊಡಗುತ್ತವೆ. ಹಾರ್ಮೋನಿಯಂ ಬಾರಿಸಬಲ್ಲವನು ಗಡಿಯಾರ ಬಿಚ್ಚಲು ಕೂರುತ್ತಾನೆ. ಗಡಿಯಾರ ರಿಪೇರಿಯವನು ಮಕ್ಕಳ ಅಜೀರ್ಣಕ್ಕೆ ಔಷಧ ಹೇಳುತ್ತಾನೆ. ಇದರಿಂದ ಲೋಕಕ್ಕೆ ಆಗಿರುವ ಹಾನಿಯಲ್ಲಿ ನನ್ನದೂ ಒಂದು ಸಣ್ಣ ಪಾಲಿದೆ. ನನಗೆ ಬರುತ್ತಿದ್ದ ವಿದ್ಯೆ ಮೋಜಣಿ, ಅಂದರೆ ಭೂಮಿ ಅಳೆಯುವುದು. ಏಕೀಕರಣವಾಗಿ ಮೈಸೂರು ರಾಜ್ಯ ಆಗಷ್ಟೇ ದೊಡ್ಡದಾಗಿತ್ತು. ನಾನು ಶಿಕಾರಿಪುರದಲ್ಲಿ ಸರ್ವೆ ಕೆಲಸದಲ್ಲಿದ್ದೆ. ಸರಪಳಿ, ಗೂಟ, ನಕ್ಷೆಗಳೊಂದಿಗೆ ನಾನು ಒಂದು ಊರೊಳಗೆ ಕಾಲಿಟ್ಟರೆ, ಅಲ್ಲಿಯವರೆಗೆ ಬದುವಿಗಾಗಿ ಹೊಡೆದಾಡುತ್ತಿದ್ದ ಅಣ್ಣತಮ್ಮಂದಿರು ಒಂದಾಗಿ ನನ್ನ ಮೇಲೆ ಜಗಳಕ್ಕೆ ಬರುತ್ತಿದ್ದರು. ಹೀಗೆ ಎಷ್ಟೋ ಸಂಸಾರಗಳನ್ನು ನಾನು ಒಟ್ಟುಗೂಡಿಸಿದ್ದೇನೆ. ಬಳ್ಳಿಗಾವಿಯ ಕಡೆ ಹೋದರಂತೂ ಗೂಟ ಹೊಡೆಯುವುದೇ ಕಷ್ಟ. ಎಲ್ಲಿ ಹೊಡೆದರೂ ನೆಲದೊಳಗೆ ಯಾವುದಾದರೊಂದು ಹಳೆಯ ದೇವರ ಮೊಣಕಾಲಿಗೆ ತಗಲುತ್ತಿತ್ತು. ಇಂಥ ನೆಲವನ್ನೇ ಅಳೆದವನು ಐದು ವರ್ಷದ ಮಗಳನ್ನು ಅಳೆಯಲಾರೆನೆ ಎಂಬ ಧೈರ್ಯ ನನಗೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಪ್ರಸಂಗ ಇಷ್ಟು. ಸೊರಬದಲ್ಲಿದ್ದ ನನ್ನ ಹೆಂಡತಿಯ ತಮ್ಮನ ಕೂಸಿಗೆ ನಾಮಕರಣ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಇವಳೇ ಆದ್ದರಿಂದ ಮೊದಲೇ ಹೊರಟಳು. ಹೋಗುವಾಗ ಬಿಳಿ ಚುಕ್ಕೆಯ ಕೆಂಪು ಬಟ್ಟೆಯೊಂದನ್ನು ನನ್ನ ಕೈಗಿಟ್ಟು, "ರೀ, ಸರೂಗೆ ಒಂದು ಫ್ರಾಕು ಹೊಲ್ಸಿ, ಹಾಕಿ ಕರ್ಕೊಂಡ್ ಬನ್ನಿ. ದರ್ಜಿ ಹತ್ರಾನೇ ಹೊಲ್ಸಿ" ಎಂದಳು. ಕೊನೆಯ ಮಾತನ್ನು ಯಾಕೆ ಅಷ್ಟು ಒತ್ತಿ ಹೇಳಿದಳೋ ಆಗ ನನಗೆ ಹೊಳೆಯಲಿಲ್ಲ. ಸರೂ ಎಂದರೆ ಸರೋಜ, ನಮ್ಮ ಒಬ್ಬಳೇ ಮಗಳು. ಅವಳಿಗೆ ಈ ಫ್ರಾಕು ಮಾನದ ಪ್ರಶ್ನೆಯಾಗಿತ್ತು. ಸೊರಬದಲ್ಲಿ ವಿಮಲಾ ಎಂದು ಅವಳ ಸೋದರಮಾವನ ದೊಡ್ಡ ಮಗಳಿದ್ದಳು. ಇವಳದೇ ವಯಸ್ಸು, ಶಿವಮೊಗ್ಗೆಯಲ್ಲಿ ಹೊಲಿಸಿದ ಫ್ರಾಕು ಹಾಕುವವಳು. ಹಿಂದಿನ ಸಲ ನಾವು ಹೋದಾಗ, ಮನೆಯಲ್ಲಿ ನನ್ನ ಹೆಂಡತಿ ಹೊಲಿದುಕೊಟ್ಟಿದ್ದ ಸರೂಳ ಫ್ರಾಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ದಿಂಬಿನ ಚೀಲದ್ದಾ?" ಎಂದು ಎಲ್ಲರೆದುರು ಕೇಳಿದ್ದಳು. ಅದು ದಿಂಬಿನ ಚೀಲದ್ದೇ ಆಗಿತ್ತು ಎಂಬುದು ಬೇರೆ ಮಾತು. ಅಂದಿನಿಂದ ನನ್ನ ಮಗಳು ವಿಮಲಾಳ ಬಾಯಿ ಮುಚ್ಚಿಸುವಂಥ ಒಂದು ಫ್ರಾಕಿಗಾಗಿ ಕಾದಿದ್ದಳು.

ನಮ್ಮ ಬೀದಿಯ ದರ್ಜಿ ಮದುವೆ ಬಟ್ಟೆಗಳ ರಾಶಿಯ ಹಿಂದೆ ಕೂತಿದ್ದ. ಕತ್ತರಿಯ ಸದ್ದು ಕೇಳಿಸುತ್ತಿತ್ತು, ಆಸಾಮಿ ಕಾಣಿಸುತ್ತಿರಲಿಲ್ಲ. "ಲಗ್ನದ ಗದ್ಲ ಮುಗೀಲಿ ಸ್ವಾಮಿ, ಆಮೇಲೆ ನೋಡೋಣ" ಎಂದಿತು ರಾಶಿ. ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಮರಳಿದೆ. ಹೆಂಡತಿ ತವರಿನಿಂದ ತಂದಿದ್ದ, ಕೈಯಲ್ಲಿ ತಿರುಗಿಸುವ ಹೊಲಿಗೆ ಮೆಷೀನು ಮೂಲೆಯಲ್ಲಿ ಮುಸುಕು ಹಾಕಿಕೊಂಡು ಕೂತಿತ್ತು. ನಾನು ಅದನ್ನು ನೋಡಿದೆ. ಅದೂ ನನ್ನನ್ನು ನೋಡಿದಂತಾಯಿತು. "ಸರೂ, ನಾನೇ ಹೊಲಿದು ಕೊಡ್ತೀನಿ" ಎಂದುಬಿಟ್ಟೆ. ಅವಳು ಅಲ್ಲಿಂದಲೇ ಹೊರಗೋಡಿ, "ನಮ್ಮಪ್ಪ ಫ್ರಾಕು ಹೊಲೀತಾರೆ! ನಮ್ಮಪ್ಪ ಫ್ರಾಕು ಹೊಲೀತಾರೆ!" ಎಂದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸಾರಿ ಬಂದಳು. ನಾನು ಹಿಂದೆ ಸರಿಯುವ ದಾರಿ ಮುಚ್ಚಿಹೋಯಿತು.

ಟೇಪು ಹಿಡಿದು ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆನೋ ಇಲ್ಲವೋ, ನನ್ನ ಅಮ್ಮ ಸೌಟಿನ ಸಮೇತ ಅಡಿಗೆಮನೆಯಿಂದ ಹೊರಗೆ ಬಂದರು.

"ಏನೋ ಅದು? ಬೆಳೆಯೋ ಮಗೂನ ಯಾರಾದ್ರೂ ಅಳೀತಾರೇನೋ? ಅಳೆದ್ರೆ ಅಲ್ಲಿಗೇ ನಿಂತ್ಬಿಡುತ್ತೆ!"

"ಅಮ್ಮಾ, ದರ್ಜಿಗಳು ದಿನಾ ಅಳೀತಾರೆ."

"ಅಳೀತಾರೆ, ಅಳೀತಾರೆ. ನಿನ್ನ ಸೋದರಮಾವನ್ನೂ ಚಿಕ್ಕವನಿದ್ದಾಗ ಕೋಟು ಹೊಲ್ಸೋಕೆ ಅಂತ ಅಳೆದ್ರು. ಎಲ್ಲಿಗೆ ನಿಂತ ಅಂತ ನೋಡಿದೀಯಲ್ಲ?"

ಟೇಪು ಸುತ್ತಿಟ್ಟೆ. ಆ ಕೋಟು ನನ್ನ ಸೋದರಮಾವನಿಗೆ ಈಗಲೂ ಆಗುತ್ತದೆ.

ಹೆಂಡತಿಯ ಉಪಾಯ ನನಗೆ ತಿಳಿಯದ್ದೇನಲ್ಲ. ಅವಳು ಹಳೆಯ ಫ್ರಾಕನ್ನು ಬಟ್ಟೆಯ ಮೇಲೆ ಹಾಸಿ, ಸುತ್ತ ನಾಲ್ಕು ಬೆರಳು ಬಿಟ್ಟು ಕತ್ತರಿಸುತ್ತಿದ್ದಳು. ಆದರೆ ಹಳೆಯ ನಕ್ಷೆಯನ್ನು ನಂಬಿ ಹೊಸ ಸರಹದ್ದು ಗುರುತಿಸಬಾರದೆಂಬುದು ನಮ್ಮ ಕಸುಬಿನ ಮೊದಲ ಪಾಠ. ತಾಲ್ಲೂಕಿನ ಅರ್ಧ ಜಗಳಗಳಿಗೆ ಹಳೆಯ ನಕ್ಷೆಗಳೇ ಮೂಲ. ಮಗಳ ವಿಷಯದಲ್ಲಿ ಅಂಥ ತಪ್ಪು ಮಾಡಲು ನನ್ನ ಮನಸ್ಸು ಒಪ್ಪಲಿಲ್ಲ. ಹೊಸ ಮೋಜಣಿಯೇ ಆಗಬೇಕು; ಟೇಪು ಕೂಡದೆಂದರೆ ಟೇಪಿಲ್ಲದೆ ಆಗಬೇಕು ಎಂದು ತೀರ್ಮಾನಿಸಿದೆ.

ಭಾನುವಾರ ಮಧ್ಯಾಹ್ನ ಸರೂ ಉಂಡು ಮಲಗಿದಳು. ಬಟ್ಟೆಯನ್ನು ಎರಡು ಪದರ ಮಾಡಿ ನಡುಮನೆಯಲ್ಲಿ ಹಾಸಿ, ಮಗುವನ್ನು ಮೆಲ್ಲಗೆ ಎತ್ತಿ ತಂದು ಅದರ ಮೇಲೆ ಅಂಗಾತ ಮಲಗಿಸಿದೆ. ಸೀಮೆಸುಣ್ಣ ಹಿಡಿದು ಅವಳ ಮೈಯ ಸುತ್ತ ಸರಹದ್ದಿನ ಗೆರೆ ಎಳೆಯತೊಡಗಿದೆ. ಮಲಗಿದ ಮಗುವನ್ನು ದಾಟಬಾರದೆಂದು ಇನ್ನೊಂದು ಕಾಯಿದೆ ನಮ್ಮ ಮನೆಯಲ್ಲಿದ್ದುದರಿಂದ, ಆ ಕಡೆಯ ಕಂಕುಳಿಗೆ ಹೋಗಬೇಕೆಂದರೂ ಪಾದದ ಕಡೆಯಿಂದ ಮಂಡಿಯೂರಿಕೊಂಡು ಸುತ್ತಿ ಹೋಗಬೇಕಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು.

"ಏನೋ, ಮಗಳಿಗೆ ಪ್ರದಕ್ಷಿಣೆ ಹಾಕ್ತಿದೀಯಾ?"

"ಹೂಂ."

"ಹಾಕು, ಹಾಕು. ದೇವಸ್ಥಾನಕ್ಕಂತೂ ಬರಲ್ಲ" ಎಂದು ಒಳಗೆ ಹೋದರು.

ಮಗುವನ್ನು ಮತ್ತೆ ಹಾಸಿಗೆಗೆ ಸೇರಿಸಿ, ಗೆರೆ ಹಿಡಿದೇ ಕತ್ತರಿಸಿದೆ. ಗೆರೆಯ ಹೊರಗೆ ಉಳಿದದ್ದನ್ನು ನಾವು ಖರಾಬು ಎನ್ನುತ್ತೇವೆ, ಸಾಗುವಳಿಗೆ ಬಾರದ್ದು. ಅದನ್ನು ಅಮ್ಮ ಆಗಲೇ ಮಸಿಬಟ್ಟೆಗೆಂದು ಒಯ್ದರು. ಹೊಲಿಗೆಯೂ ಸರಾಗವಾಗಿ ಸಾಗಿತು. ಒಂದೆಡೆ ಮಾತ್ರ, ಮುಗಿಯಿತೆಂದು ಹೆಮ್ಮೆಯಿಂದ ಎದ್ದು ನಿಂತಾಗ, ಫ್ರಾಕೂ ಮೆಷೀನೂ ನನ್ನೊಂದಿಗೆ ಎದ್ದವು. ನನ್ನ ಜುಬ್ಬದ ಅಂಚನ್ನು ಮಗಳ ಸೊಂಟಕ್ಕೆ ಭದ್ರವಾಗಿ ಹೊಲಿದಿದ್ದೆ. ಜುಬ್ಬದ ಆ ಭಾಗವನ್ನು ತ್ಯಾಗ ಮಾಡಿ ಬಿಡಿಸಿಕೊಂಡೆ. ಹೆಣ್ಣುಮಕ್ಕಳ ತಂದೆ ಇಷ್ಟಾದರೂ ಮಾಡದಿದ್ದರೆ ಹೇಗೆ?

ಸಂಜೆ ತೊಡಿಸಿ ನೋಡಿದೆ. ತಲೆ ಹೋಯಿತು. ಆಮೇಲೆ ಏನೂ ಹೋಗಲಿಲ್ಲ. "ಉಸಿರು ಬಿಡು ಸರೂ" ಎಂದೆ. ಬಿಟ್ಟಳು. "ಇನ್ನೂ ಬಿಡು." "ಮುಗೀತಪ್ಪ" ಎಂದು ಬಟ್ಟೆಯೊಳಗಿಂದ ದನಿ ಬಂತು. ಅವಳನ್ನು ಹೊರಗೆಳೆದು, ಫ್ರಾಕನ್ನು ನೆಲಕ್ಕೆ ಹಾಸಿ ಬಹಳ ಹೊತ್ತು ದಿಟ್ಟಿಸಿದೆ. ನಕ್ಷೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪಿದ್ದು ಮಗಳಲ್ಲಿ. ಅವಳಿಗೆ ದಪ್ಪವಿತ್ತು. ನಾನು ಅಲ್ಲಿಯವರೆಗೆ ಅಳೆದ ಯಾವ ಜಮೀನಿಗೂ ಬೆನ್ನು ಹೊಟ್ಟೆ ಎಂಬ ಎರಡು ಬದಿಗಳಿರಲಿಲ್ಲ. ಎಕರೆ ಗುಂಟೆಗಳಿಗೆ ಪಕ್ಕೆಲುಬು ಇರುವುದಿಲ್ಲ. ಕಾಗದದಷ್ಟು ತೆಳ್ಳಗಿನ ಹುಡುಗಿಯೊಬ್ಬಳಿದ್ದರೆ ಅವಳಿಗೆ ಆ ಫ್ರಾಕು ರಾಜ್ಯದಲ್ಲೇ ಅತ್ಯುತ್ತಮವಾಗಿ ಒಪ್ಪುತ್ತಿತ್ತು.

ಸರೂ ನನ್ನ ಪಕ್ಕದಲ್ಲಿ ಕೂತು ಫ್ರಾಕನ್ನು ನೋಡಿದಳು. "ಹಂಗಾದ್ರೆ ದಿಂಬಿನ ಚೀಲಾನೇ ಹಾಕ್ಕೋಬೇಕಾ ಅಪ್ಪಾ?" ಎಂದಳು. ಮರುದಿನ ಬೆಳಗ್ಗೆ ಬಸ್ಸು. ಮಿಕ್ಕ ಕೆಂಪು ಬಟ್ಟೆ ಮಸಿಬಟ್ಟೆಯಾಗಿ ಆಗಲೇ ಒಲೆಯ ಸೇವೆಗೆ ಸೇರಿತ್ತು. ನನ್ನ ಹಳೆಯ ಪಂಚೆಯ ಹಸಿರು ಅಂಚನ್ನು ಕತ್ತರಿಸಿ, ಫ್ರಾಕಿನ ಎರಡೂ ಪಕ್ಕ ಬಿಚ್ಚಿ, ಎರಡು ಗದ್ದೆಗಳ ನಡುವೆ ಬದು ಹಾಕುವಂತೆ ಅಗಲವಾದ ಪಟ್ಟಿ ಸೇರಿಸಿದೆ. ಬೆಳಗ್ಗೆ ತೊಡಿಸಿದರೆ ಸಲೀಸಾಗಿ ಇಳಿಯಿತು. ಗೆದ್ದೆನೆಂದುಕೊಂಡೆ. ಆದರೆ ಮಗಳು ಎಡಗೈಯನ್ನು ಮೇಲಕ್ಕೆತ್ತಿಕೊಂಡೇ ನಿಂತಿದ್ದಳು.

"ಕೈ ಇಳ್ಸು."

"ಬರಲ್ಲಪ್ಪ."

ಆಗ ನೆನಪಾಯಿತು. ಮಲಗಿದಾಗ ಅವಳು ಬಲಗೈಯನ್ನು ಪಕ್ಕಕ್ಕಿಟ್ಟುಕೊಂಡು, ಎಡಗೈಯನ್ನು ತಲೆಯ ಮೇಲಕ್ಕೆ ಚಾಚಿದ್ದಳು. ನಾನು ಇದ್ದದ್ದನ್ನು ಇದ್ದಹಾಗೆ ದಾಖಲಿಸಿದ್ದೆ. ಬಲ ತೋಳು ಭೂಮಿಯ ಕಡೆಗೆ, ಎಡ ತೋಳು ಆಕಾಶದ ಕಡೆಗೆ. ಕೈ ಇಳಿಸಿದರೆ ಕೊರಳು ಬಿಗಿಯುತ್ತಿತ್ತು. ಅಮ್ಮ ಬಂದವರು ಹಣೆ ಚಚ್ಚಿಕೊಂಡರು. "ಅಳೀಬೇಡ ಅಂದ್ನಲ್ಲೋ! ನೋಡು, ಕೈ ಅಲ್ಲಿಗೇ ನಿಂತ್ಬಿಡ್ತು!"

"ಫ್ರಾಕು ಬಿಚ್ಚಿ ಹಳೇದು ಹಾಕ್ಲಾ?" ಎಂದು ಸರೂಳನ್ನು ಕೇಳಿದೆ. ಅವಳು ಒಮ್ಮೆ ದಿಂಬಿನ ಚೀಲವನ್ನೂ ಒಮ್ಮೆ ತನ್ನ ಕೈಯನ್ನೂ ನೋಡಿದಳು. "ಬೇಡ. ಎತ್ಕೊಂಡೇ ಇರ್ತೀನಿ" ಎಂದಳು.

ಬಸ್ಸುಗಳು ನಮ್ಮ ಬೀದಿಯ ತಿರುವಿನಲ್ಲಿ ಎಂದೂ ನಿಲ್ಲುತ್ತಿರಲಿಲ್ಲ. ಮೂಟೆ ಹೊತ್ತವರು ಓಡಿ ಬಂದು ಕೂಗಿಕೊಂಡರೂ ಡ್ರೈವರು ಆಕಾಶ ನೋಡಿಕೊಂಡು ಹೋಗುತ್ತಿದ್ದ. ಅಂದು ಮೊದಲು ಬಂದ ಆನವಟ್ಟಿಯ ಬಸ್ಸು ಸರೂಳ ಕೈ ನೋಡಿ ಗಕ್ಕನೆ ನಿಂತಿತು. "ಇದಲ್ಲ, ಸೊರಬದ್ದು ಬೇಕು" ಎಂದು ನಾನು ಹೇಳಿದ್ದಕ್ಕೆ ಕಂಡಕ್ಟರು ಬೈದು ಹೋದ. ಆಮೇಲೆ ಬಂದ ಸೊರಬದ ಬಸ್ಸೂ ಅಷ್ಟೇ ವಿನಯದಿಂದ ನಿಂತಿತು. ಹತ್ತಿ ಕೂತು ಸ್ವಲ್ಪ ದೂರ ಹೋಗಿರಲಿಲ್ಲ, ಕಂಡಕ್ಟರು ಎತ್ತಿದ ಕೈ ನೋಡಿ ಸೀಟಿ ಊದಿದ. ಬಸ್ಸು ನಿಂತಿತು.

"ಎಲ್ಲಿ ಇಳೀಬೇಕವ್ವಾ?"

"ಸೊರಬ."

"ಸೊರಬ ಇನ್ನೂ ಬಾಳ ದೂರ ಐತಲ್ಲ!"

ಬಸ್ಸು ಹೊರಟಿತು. ಅವನು ಹಿಂದಿನ ಸೀಟುಗಳಿಗೆ ಟಿಕೆಟ್ ಕೊಟ್ಟು ತಿರುಗಿದವನೇ ಮರೆತು ಮತ್ತೆ ಸೀಟಿ ಊದಿದ. ಹೀಗೆ ಯಾರೂ ಇಳಿಯದ, ಯಾರೂ ಹತ್ತದ ಎಷ್ಟೋ ಕಡೆ ನಿಲ್ಲುತ್ತ ನಾವು ಮುಂದುವರಿದೆವು. ಕಿಟಕಿಯಲ್ಲಿ ಕಂಡ ಕೈಗೆ ಗದ್ದೆಯಲ್ಲಿದ್ದವರೆಲ್ಲ ಎದ್ದು ನಿಂತು ಕೈ ಬೀಸಿದರು. ಸರೂಳ ಮುಖ ಅರಳುತ್ತ ಬಂತು. "ಅಪ್ಪಾ, ಇದು ಬಸ್ಸು ನಿಲ್ಸೋ ಫ್ರಾಕು!" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಆ ಸಂತೋಷ ಸೊರಬದ ಮನೆಯ ಮೆಟ್ಟಿಲವರೆಗೆ ಬಾಳಿತು. ಬಾಗಿಲಲ್ಲೇ ವಿಮಲಾ ನಿಂತಿದ್ದಳು, ಲೇಸು ಕಟ್ಟಿದ ನೀಲಿ ಫ್ರಾಕಿನಲ್ಲಿ. ಕೆಂಪನ್ನು ನೋಡಿದಳು, ಪಂಚೆಯ ಹಸಿರನ್ನು ನೋಡಿದಳು, ಎತ್ತಿದ ಕೈಯನ್ನು ನೋಡಿದಳು. "ಇದ್ಯಾಕೆ ಹಿಂಗಿದೆ?" ಎಂದಳು. ಸರೂಳ ಕಣ್ಣು ತುಂಬಿತು. ನನ್ನ ಹೆಂಡತಿ ಒಳಗಿನಿಂದ ಬಂದು ಮಗಳನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. "ದರ್ಜಿ ಊರಲ್ಲಿ ಇರ್ಲಿಲ್ವಾ?" ಎಂದಷ್ಟೇ ಕೇಳಿದಳು. ಕತ್ತರಿ ತರಲು ಹೊರಟಳು. ಅಷ್ಟರಲ್ಲಿ ಎಲೆ ಹಾಕಿಯಾಗಿತ್ತು.

ಮಕ್ಕಳ ಪಂಕ್ತಿಯಲ್ಲಿ ಸರೂ ಎಡಗೈ ಎತ್ತಿಕೊಂಡು, ಬಲಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂತಳು. ಹೋಳಿಗೆ ಬಡಿಸುವವನು ಒಂದೊಂದು ಹಾಕಿ ಮುಂದೆ ಹೋದವನು, ಎತ್ತಿದ ಕೈ ಕಂಡು ಹಿಂತಿರುಗಿ ಬಂದ. "ಇನ್ನೊಂದು ಬೇಕಾ ಪುಟ್ಟಿ? ಅಳೋದ್ಯಾಕೆ, ತಗೋ" ಎಂದು ಹಾಕಿದ. ತುಪ್ಪದವನು ಬಂದ. ಮತ್ತೆ ಹೋಳಿಗೆಯವನು ಬಂದ. ಬಡಿಸುವವರೆಲ್ಲ ಪಂಕ್ತಿಯ ಯಾವ ಮೂಲೆಯಲ್ಲಿದ್ದರೂ ಆ ಕೈಯತ್ತ ಎಳೆದಂತೆ ಬರತೊಡಗಿದರು. ಅವಳ ಎಲೆಯಲ್ಲಿ ಹೋಳಿಗೆಯ ಗುಡ್ಡ ಬೆಳೆಯಿತು. ವಿಮಲಾಳ ಅಪ್ಪ, ನನ್ನ ಭಾವಮೈದ, ಸೊಂಟಕ್ಕೆ ವಲ್ಲಿ ಬಿಗಿದು ಮೇಲ್ವಿಚಾರಣೆಗೆ ಬಂದವನು, "ಇದೆಂತ ಮಾರಾಯ್ರೆ ಭಾವ? ಮಗಳನ್ನ ಊಟಕ್ಕೆ ಕೂರ್ಸಿದೀರೋ, ಪಂಚಾಯ್ತಿ ವೋಟಿಗೆ ಕೂರ್ಸಿದೀರೋ?" ಎಂದ. ಪಂಕ್ತಿಯೆಲ್ಲ ನಕ್ಕಿತು. ಸರೂ ನಗಲಿಲ್ಲ, ಅವಳ ಬಾಯಿ ತುಂಬಿತ್ತು.

ಪಕ್ಕದ ಎಲೆಯಲ್ಲಿ ಕೂತಿದ್ದ ವಿಮಲಾಳ ಹೋಳಿಗೆ ಮುಗಿದು ಬಹಳ ಹೊತ್ತಾಗಿತ್ತು. ಅವಳೂ ಕೈ ಎತ್ತಿದಳು. ಆದರೆ ಬರಿಯ ಕೈ ಎಷ್ಟು ಹೊತ್ತು ನಿಂತೀತು? ನೋವಾಗಿ ಇಳಿಯಿತು. ಸರೂಳ ಕೈಗೆ ಫ್ರಾಕಿನ ಆಧಾರವಿತ್ತು. ವಿಮಲಾ ಎದ್ದು ಹೋಗಿ ತನ್ನ ಅಪ್ಪನ ಪಂಚೆ ಹಿಡಿದು, "ನಂಗೂ ಅಂಥದ್ದೇ ಫ್ರಾಕು ಬೇಕು! ಕೈ ಎತ್ತೋದು!" ಎಂದು ನೆಲದ ಮೇಲೆ ಹೊರಳಾಡಿದಳು. ಶಿವಮೊಗ್ಗೆಯ ನೀಲಿ ಲೇಸಿಗೆಲ್ಲ ಸಾರು ಹತ್ತಿತು. ಹೆಂಡತಿ ಕತ್ತರಿ ಹಿಡಿದು ಬಂದಾಗ ಸರೂ, "ಮುಟ್ಟಬೇಡ ಅಮ್ಮಾ!" ಎಂದು ಕಂಬದ ಹಿಂದೆ ಅಡಗಿದಳು. ಅಡಗಿದರೂ ಕೈ ಕಾಣುತ್ತಿತ್ತು.

ಊಟವಾದ ಮೇಲೆ ಭಾವಮೈದ ಒಂದು ಬಟ್ಟೆ ಹಿಡಿದು ನನ್ನ ಬಳಿ ಕೂತ. "ಭಾವ, ಒಂದು ಉಪಕಾರ ಆಗ್ಬೇಕಿತ್ತಲ್ಲ. ಈ ಹುಡುಗಿ ಜೀವ ತಿಂತಿದಾಳೆ."

ನಾನು ತಜ್ಞನ ಗಾಂಭೀರ್ಯದಿಂದ, "ಮಗು ಮಲಗಲಿ, ಅಳತೆ ತಗೋಬೇಕು" ಎಂದೆ. ಅತ್ತು ಅತ್ತು ದಣಿದ ವಿಮಲಾ ಮಲಗಿದಳು. ಹೋಗಿ ನೋಡಿದೆ. ಅವಳು ಮಂಡಿಯನ್ನು ಗದ್ದಕ್ಕೆ ತಗಲಿಸಿ, ಬೆಕ್ಕಿನಂತೆ ದುಂಡಗೆ ಮುದುಡಿ ಮಲಗುವ ಪೈಕಿ. ಆ ಅಳತೆಯ ಫ್ರಾಕನ್ನು ತೊಟ್ಟು ಅವಳು ಬಸ್ಸು ಹತ್ತುವುದನ್ನು ಒಮ್ಮೆ ಕಲ್ಪಿಸಿಕೊಂಡು, ತುರ್ತು ಕೆಲಸವಿದೆಯೆಂದು ಹೇಳಿ, ಹೆಂಡತಿ ಮಗಳೊಂದಿಗೆ ಸಂಜೆಯ ಬಸ್ಸಿಗೇ ಹೊರಟುಬಿಟ್ಟೆ. ಬಸ್ಸು ನಿಲ್ಲಿಸುವ ಚಿಂತೆಯಂತೂ ನಮಗಿರಲಿಲ್ಲ.

ಮುಂದಿನ ಭಾನುವಾರ ನಾನು ಉಂಡು, ನಡುಮನೆಯಲ್ಲಿ ಮಲಗಿ ಎದ್ದಾಗ ನೆಲದ ಮೇಲೆ ನನ್ನ ಸುತ್ತ ಸೀಮೆಸುಣ್ಣದ ಗೆರೆ ಇತ್ತು. ಹೊಟ್ಟೆಯ ಬಳಿ ಸುಣ್ಣ ಸಾಲದೆ ಇದ್ದಿಲಿನಲ್ಲಿ ಮುಂದುವರಿದಿತ್ತು. ಸರೂ ಮಂಡಿಯೂರಿ ಕೂತು ಕೊನೆಯ ಗೆರೆ ಸೇರಿಸುತ್ತಿದ್ದಳು. "ನಿಂಗೆ ಅಂಗಿ ಹೊಲೀತೀನಪ್ಪ, ಅಲ್ಲಾಡ್ಬೇಡ" ಎಂದಳು. ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ನಿಂತು ನೋಡುತ್ತಿದ್ದರು. ಈ ಸಲ ಕೈಯಲ್ಲಿ ಸೌಟೂ ಇರಲಿಲ್ಲ, ಮುಖದಲ್ಲಿ ಗಾಬರಿಯೂ ಇರಲಿಲ್ಲ.

"ಅಮ್ಮಾ, ಅಳೀತಿದಾಳೆ ನೋಡು!" ಎಂದು ನಾನೇ ದೂರಿದೆ.

"ಅಳೀಲಿ ಬಿಡೋ" ಎಂದರು ಅಮ್ಮ. "ನೀನು ಬೆಳೆಯೋದು ನಿಂತು ಬಾಳ ವರ್ಷ ಆಯ್ತು."